ನಾಳೆ ಹೊಲ

ಜನವರಿ 6, ಸೋಮವಾರ

ಇವತ್ತಿನಿಂದ ಕೆಲಸ. ಕೆಲಸವೆಂದರೆ, ನಾನು ಹುಟ್ಟಿ ಬೆಳೆದ ಮನೆಯ ಅಡುಗೆಕೋಣೆಯಲ್ಲಿ ಕೂತು, ನಾನು ಓಡಾಡಿದ ಹೊಲಗಳನ್ನು ನೋಡಲು ಬಂದವರಿಗೆ ಟಿಕೆಟ್ ಹರಿದುಕೊಡುವುದು. ಪೇಟೆಯ ಚಿತ್ರಮಂದಿರದಲ್ಲಿ ಅರ್ಧ ಆಯುಸ್ಸು ಟಿಕೆಟ್ ಹರಿದವಳಿಗೆ ಇದೇನು ಹೊಸದಲ್ಲ. ಚಿತ್ರಮಂದಿರಕ್ಕೆ ಬೀಗ ಬಿತ್ತು, ನಾನು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ಬೆರಳುಗಳಿಗೆ ಮಾತ್ರ ಹಳೆಯ ಚಟ ಹೋಗಿರಲಿಲ್ಲ, ಅಂತೂ ಅವಕ್ಕೆ ಕೆಲಸ ಸಿಕ್ಕಿತು.

ಉಪ್ಪಿನ ಜಾಡಿ ಇಡುತ್ತಿದ್ದ ಗೂಡಿನಲ್ಲಿ ಈಗ ರಬ್ಬರ್ ಸ್ಟಾಂಪು ಕೂತಿದೆ. ಒಲೆ ಇದ್ದ ಜಾಗದಲ್ಲಿ ನನ್ನ ಕುರ್ಚಿ. ಇಡೀ ದಿನ ಒಲೆಯ ಮೇಲೆ ಕೂತ ಹಾಗೇ ಇತ್ತು.

ಅಪ್ಪ ಹೋದ ಮೇಲೆ ಅಣ್ಣ ಹೊಲವನ್ನೆಲ್ಲ ಈ ಸಮುದಾಯ ತೋಟದವರಿಗೆ ಕೊಟ್ಟ. ಪೇಟೆಯವರು ಒಂದಷ್ಟು ಜನ ಸೇರಿ ನಡೆಸುವ ತೋಟ. ಸದಸ್ಯರೇ ಆಳು, ಸದಸ್ಯರೇ ಯಜಮಾನರು. ಒಬ್ಬೊಬ್ಬರು ಒಂದೊಂದು ಪಟ್ಟಿ ನೋಡಿಕೊಳ್ಳುತ್ತಾರೆ. ಶಾಲೆಯ ಮಕ್ಕಳು ಬಂದು ಕ್ಯಾರೆಟ್ ಮರದಲ್ಲಿ ಬಿಡುವುದಿಲ್ಲ ಎಂದು ತಿಳಿದುಕೊಂಡು ಹೋಗುತ್ತಾರೆ. ಈ ನೆಲದ ಮೇಲೆ ಇನ್ನೆಂದೂ ಕಟ್ಟಡ ಏಳಕೂಡದು ಎಂದು ಕರಾರಾಗಿದೆಯಂತೆ. ಆಗಲಿ, ಒಳ್ಳೆಯದೇ. ಅಣ್ಣನೂ ಒಂದು ಕರಾರು ಹಾಕಿಸಿದ್ದಾನೆ. ರಸ್ತೆ ಬದಿಯ ಎರಡು ಕೋಣೆ, ಅದರ ಮುಂದಿನ ಅಂಗಳ, ನಾನಿರುವ ತನಕ ನನ್ನವು.

ವ್ಯವಸ್ಥಾಪಕಿ ನನಗೆ ಮಗಳಿದ್ದರೆ ಆ ವಯಸ್ಸಿನವಳು. ಕೊರಳಲ್ಲಿ ಸದಾ ಒಂದು ಸೀಟಿ. ಮಕ್ಕಳನ್ನು ಕೂಡಿಸಲು ಊದುತ್ತಾಳೆ, ಬೆಳಿಗ್ಗೆ ನನ್ನನ್ನು ಕರೆಯಲೂ ಊದಿದಳು. ಮನಸ್ಸಿನಲ್ಲೇ ಸೀಟಿ ಎಂದು ಹೆಸರಿಟ್ಟೆ. ಅವಳು ನನ್ನನ್ನು ಆಂಟಿ ಎಂದಳು. ಲೆಕ್ಕ ಚುಕ್ತಾ.

ಜನವರಿ 9, ಗುರುವಾರ

ಬರುವವರಿಗೆ ಆ ಕಡೆ ಬೇರೆ ಗೇಟಿದೆ, ಬಾಣದ ಗುರುತು ಹಾಕಿದ ಬೋರ್ಡಿದೆ. ಆದರೂ ಎಲ್ಲರಿಗೂ ನನ್ನ ಅಂಗಳವೇ ಬೇಕು. ಇವತ್ತು ಒಬ್ಬಾತ ಅಮ್ಮನ ಒಗೆಯುವ ಕಲ್ಲಿನ ಮೇಲೆ ಬೂಟುಗಾಲಿಟ್ಟು ಲೇಸು ಕಟ್ಟಿಕೊಳ್ಳುತ್ತಿದ್ದ. ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆತ ಕಾಲು ತೆಗೆದು, ಕಲ್ಲಿನದೊಂದು ಫೋಟೋ ತೆಗೆದುಕೊಂಡು ಹೋದ.

ಮಧ್ಯಾಹ್ನ ಹುಡುಕಿ ಅಮ್ಮನ ಬಟ್ಟೆ ಒಣಹಾಕುವ ಹಗ್ಗ ತೆಗೆದೆ. ಗೇಟಿನ ಕಂಬದಿಂದ ಗೋಡೆಯ ಮೊಳೆಗೆ, ಅಂಗಳಕ್ಕೆ ಅಡ್ಡವಾಗಿ ಬಿಗಿದು ಕಟ್ಟಿದೆ. ಇನ್ನು ಯಾರು ಬರುತ್ತಾರೋ ನೋಡುತ್ತೇನೆ.

ಅಮ್ಮ ಈ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಲೇ ಮನೆಯ ಆಡಳಿತವನ್ನೆಲ್ಲ ನಡೆಸುತ್ತಿದ್ದಳು. ಅಪ್ಪನ ಅಂಗಿ ಕೈಗೆ ಬಂದಾಗ ಮಾತ್ರ ಏಟು ಸ್ವಲ್ಪ ಜೋರು. ನಾನು ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತು ಸೋಪಿನ ನೊರೆ ಊದುತ್ತಿದ್ದೆ. ಅಣ್ಣ ಈ ಅಂಗಳದ ತುಂಬ ಕುಂಟೆಬಿಲ್ಲೆಯ ಮನೆ ಗೀಚುತ್ತಿದ್ದ, ಅಪ್ಪ ಅದರ ಮೇಲೇ ಕಾಳು ಸುರಿದು ಒಣಗಿಸುತ್ತಿದ್ದ. ಇಬ್ಬರಿಗೂ ದಿನಾ ಜಗಳ, ದಿನಾ ರಾಜಿ. ಕಲ್ಲಿನ ಒಂದು ತುದಿ ನುಣ್ಣಗೆ ಸವೆದಿದೆ. ಬಿಸಿಲಿಗೆ ಕಾದದ್ದು ಸಂಜೆಯ ತನಕ ಬೆಚ್ಚಗಿರುತ್ತದೆ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಹೊಲ ಹೋದದ್ದಕ್ಕೆ ಬೇಸರವಿಲ್ಲ. ಅಂಗಳ ನನ್ನದು. ನಾನು ಕಣ್ಣು ಮುಚ್ಚುವ ತನಕ ಇದರ ಮಣ್ಣನ್ನು ಯಾರೂ ಮುಟ್ಟಕೂಡದು.

ಜನವರಿ 21, ಮಂಗಳವಾರ

ಹೊಲ ತೋರಿಸುವ ಹುಡುಗನಿಗೆ ಜ್ವರ. ಸೀಟಿ ಓಡಿ ಬಂದು, ಆಂಟಿ, ಇವತ್ತೊಂದು ದಿನ ನೀವೇ ಮಕ್ಕಳನ್ನು ಸುತ್ತಿಸಬೇಕು ಎಂದಳು. ಆಂಟಿ ಎನ್ನುವುದನ್ನು ಬಿಟ್ಟರೆ ಸುತ್ತಿಸುತ್ತೇನೆ ಎಂದೆ. ಹಾಗಾದರೆ ಅಕ್ಕ ಎನ್ನುತ್ತೇನೆ ಎಂದಳು. ಜಾಣೆ.

ಹೊಲಗಳಿಗೆಲ್ಲ ಈಗ ನಂಬರು. ಒಂದು, ಎರಡು, ಮೂರು ಎಂದು ಹಸಿರು ಬೋರ್ಡುಗಳು. ನಮ್ಮ ಕಾಲದಲ್ಲಿ ಹೆಸರಿದ್ದವು. ಸದಾ ಕೆಸರು ನಿಲ್ಲುವುದು ಜಾರುಪಟ್ಟಿ. ಅಪ್ಪ, ಚಿಕ್ಕಪ್ಪ ಮಾತು ಬಿಟ್ಟದ್ದು ಯಾವ ಬದುವಿಗಾಗಿಯೋ ಅದು ಮುನಿಸಿನ ಹೊಲ. ನಂಬರು ಹೇಳಲು ನಾಲಿಗೆ ಹೊರಳಲಿಲ್ಲ, ಹೆಸರುಗಳನ್ನೇ ಹೇಳಿಬಿಟ್ಟೆ. ಮಕ್ಕಳು ಮುನಿಸಿನ ಹೊಲದ ಕತೆ ಕೇಳಿ ಬದುವಿನ ಆಚೆ ಈಚೆ ನಿಂತು ಬೆನ್ನು ತಿರುಗಿಸಿಕೊಂಡು ಆಡಿದರು. ನೋಡುವ ಹಾಗಿತ್ತು.

ಜೊತೆಗೆ ಬಂದಿದ್ದ ಮೇಷ್ಟ್ರು ಸ್ವಲ್ಪ ಕಿವಿ ಮಂದ, ಅವಸರ ಹೆಚ್ಚು. ಬಸ್ ಹತ್ತುವಾಗ ರಸ್ತೆಗೆ ತಾಗಿದ ಹುಲ್ಲಿನ ಜಾಗ ತೋರಿಸಿ, ಅದೇನು ಎಂದು ಕೇಳಿದರು. ಅದು ನಾಳೆ ಹೊಲ ಎಂದೆ. ಸರಿ ಸರಿ ಎಂದು ತಲೆಯಾಡಿಸಿ ಹೋದರು.

ಹುಲ್ಲು, ಕಲ್ಲು, ಒಂದು ಮರ, ಅಷ್ಟೇ ಇರುವುದು ಅದರಲ್ಲಿ. ಪ್ರತಿವರ್ಷ ಎಲ್ಲ ಹೊಲ ಉತ್ತು ಮುಗಿದ ಮೇಲೆ ಅಪ್ಪ ಅದರ ಅಂಚಿನಲ್ಲಿ ಬಂದು ನಿಲ್ಲುತ್ತಿದ್ದ. ಇದನ್ನು ಯಾವಾಗ ಉಳುತ್ತೀರಿ ಎಂದು ಅಮ್ಮ ಅಂಗಳದಿಂದಲೇ ಕೂಗುತ್ತಿದ್ದಳು. ಅಪ್ಪ ನಾಳೆ ಎಂದು ಹೇಳಿ, ಮರದ ಕೆಳಗೆ ಹೋಗಿ ಕೂರುತ್ತಿದ್ದ. ಆ ನಾಳೆ ಅವನ ಜೀವಮಾನದಲ್ಲಿ ಬರಲೇ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ನಾಳೆ ಹೊಲ ಎಂದೇ ಹೆಸರು.

ಜನವರಿ 22, ಬುಧವಾರ

ಇವತ್ತು ತೋಟಕ್ಕೆ ರಜೆ. ಸೀಟಿಯೂ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಕಲ್ಲಿನ ಮೇಲೆ ಕೂತಿದ್ದೆ. ಬಸ್ಸು ಬಂದು ನಿಂತಿತು. ನಿನ್ನೆಯ ಮೇಷ್ಟ್ರು ಇಳಿದರು, ನಿನ್ನೆಯ ಮಕ್ಕಳು ಇಳಿದರು, ಸಾಲದ್ದಕ್ಕೆ ಇನ್ನೊಂದು ತರಗತಿಯ ಮಕ್ಕಳೂ ಇಳಿದರು.

“ನೀವೇ ಹೇಳಿದ್ರಲ್ಲ, ಆ ಹೊಲ ನಾಳೆ ಅಂತ,” ಎಂದರು ಮೇಷ್ಟ್ರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಣ್ಣೆ ತಲೆಯಲ್ಲಿ ನಿಂತು ಅರ್ಥ ಬಿಡಿಸಿ ಹೇಳುವುದಕ್ಕಿಂತ ತೋರಿಸುವುದೇ ವಾಸಿ ಎನ್ನಿಸಿತು. ಆದರೆ ಏನು ತೋರಿಸುವುದು? ಅಲ್ಲಿ ಏನಿದೆ? ಮಕ್ಕಳು ಆಗಲೇ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಆಗ ಬೆರಳುಗಳೇ ನನ್ನನ್ನು ಕಾಪಾಡಿದವು. ಮರದಿಂದ ಕೈತುಂಬ ಎಲೆ ಕಿತ್ತುಕೊಂಡು ಅಂಚಿನಲ್ಲಿ ನಿಂತೆ. ಒಬ್ಬೊಬ್ಬರೇ ಬಂದ ಹಾಗೆ ಒಂದೊಂದು ಎಲೆ ಹರಿದು, ಅರ್ಧ ಅವರ ಕೈಗೆ ಕೊಟ್ಟು, ಅರ್ಧ ನನ್ನ ಸೆರಗಿಗೆ ಹಾಕಿಕೊಂಡೆ. ಇದು ಟಿಕೆಟ್. ಎಲ್ಲಿ ಬೇಕೋ ಅಲ್ಲಿ ಕೂರಬಹುದು. ಕೈ ಚಾಚಿದರೆ ಎಷ್ಟು ಸಿಗುತ್ತದೋ ಅಷ್ಟೇ ನಿಮ್ಮ ಪರದೆ. ಸಿನಿಮಾ ಶುರುವಾದ ಮೇಲೆ ಮಾತಾಡಿದವರನ್ನು ಹೊರಗೆ ಹಾಕುತ್ತೇನೆ ಎಂದೆ. ಇದನ್ನು ನಾನು ಎಷ್ಟೋ ಪುಂಡರಿಗೆ ಹೇಳಿದವಳು. ದನಿಯಲ್ಲಿ ಆ ಖದರು ಇನ್ನೂ ಇದೆ.

ಸದ್ದಡಗಿತು. ಅಷ್ಟು ಮಕ್ಕಳು ಕೂತೂ ಹುಲ್ಲಿನ ಸದ್ದು ಕೇಳಿಸುವಷ್ಟು. ಆಮೇಲೆ ಒಬ್ಬೊಬ್ಬರೂ ತಮ್ಮ ಪರದೆಯ ಮೇಲೆ ಕಂಡದ್ದನ್ನು ಹೇಳಿದರು. ಸತ್ತ ಜೀರುಂಡೆಯನ್ನು ಎಳೆದುಕೊಂಡು ಹೋದ ಇರುವೆಗಳು. ಮನೆ ಕಟ್ಟಿ ಮುಗಿಸಿ ಪಹರೆಗೆ ಕೂತ ಜೇಡ. ಒಬ್ಬಳ ಪರದೆಯಲ್ಲಿ ಏನೂ ಇರಲಿಲ್ಲವಂತೆ, ಬರೀ ಬೆಣಚುಕಲ್ಲು. ಹೋಗಿ ನೋಡಿದರೆ ಅವು ಕಲ್ಲಲ್ಲ, ಚುಕ್ಕೆ ಚುಕ್ಕೆಯ ಮೊಟ್ಟೆಗಳು. ನೆಲದಲ್ಲೇ ಗೂಡು ಮಾಡುವ ಉದ್ದಕಾಲಿನ ಹಕ್ಕಿಯವು. ಆಗ ತಲೆಯ ಮೇಲೆ ಅದು ಬೈಯುತ್ತ ಸುತ್ತುತ್ತಿತ್ತು. ನಾವೆಲ್ಲ ತುದಿಗಾಲಲ್ಲಿ ಹಿಂದೆ ಸರಿದೆವು.

ಅರವತ್ತು ದಾಟಿದ ನಾನು ಆ ಹೊಲದಲ್ಲಿ ಮೊಟ್ಟೆ ನೋಡಿದ್ದು ಇದೇ ಮೊದಲು. ಸೆರಗು ಕೊಡವಿದರೆ ಅರ್ಧ ಎಲೆಗಳು ಇನ್ನೂ ಉದುರುತ್ತಿವೆ.

ಫೆಬ್ರವರಿ 18, ಮಂಗಳವಾರ

ಬರೆಯಲು ಪುರಸೊತ್ತಿಲ್ಲ. ಮೇಷ್ಟ್ರು ಇನ್ನೊಬ್ಬ ಮೇಷ್ಟ್ರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಎಲ್ಲ ಶಾಲೆಗಳಿಗೂ ಈಗ ನಾಳೆ ಹೊಲದ ಸಿನಿಮಾವೇ ಬೇಕಂತೆ. ಕೌಂಟರಿಗೆ ಬೇರೆಯವರನ್ನು ಕೂರಿಸಿ ನನ್ನನ್ನು ಹೊಲಕ್ಕೆ ಅಟ್ಟಿದ್ದಾಳೆ ಸೀಟಿ. ಮೊಟ್ಟೆಯ ಸುತ್ತ ಕಡ್ಡಿ ನೆಟ್ಟು, ಯಾರೂ ಹತ್ತಿರ ಹೋಗದ ಹಾಗೆ ಗುರುತು ಮಾಡಿದ್ದೇವೆ. ಕಟ್ಟಲು ಹಗ್ಗ ಬೇಕಿತ್ತು. ಅಂಗಳದ ಹಗ್ಗ ಬಿಚ್ಚಿ ಕೊಟ್ಟೆ. ಮತ್ತೆ ಬೇರೆ ತಂದು ಕಟ್ಟಬೇಕು.

ಫೆಬ್ರವರಿ 25, ಮಂಗಳವಾರ

ಮರಿಗಳಾಗಿವೆ. ಮೂರು. ಉಣ್ಣೆಯ ಉಂಡೆಗೆ ಕಾಲು ಬಂದ ಹಾಗಿವೆ.

ಮಾರ್ಚ್ 1, ಶನಿವಾರ

ರಸ್ತೆ ಕಿರಿದು. ಬಸ್ಸುಗಳು ಒಂದರ ಹಿಂದೆ ಒಂದು ನಿಂತರೆ ಊರವರ ಗಾಡಿಗಳಿಗೆ ದಾರಿಯಿಲ್ಲ. ಇವತ್ತು ಹಿಂದೆ ತೆಗೆಯುವಾಗ ಒಂದು ಬಸ್ಸಿನ ಚಕ್ರ ಚರಂಡಿಗೆ ಇಳಿಯಿತು. ಒಳಗೆ ಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಕಿರುಚಾಟ ಕೇಳಿ ಓಡಿಹೋಗಿ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದೆ.

ಡ್ರೈವರ್ ಬೆವರು ಒರೆಸಿಕೊಳ್ಳುತ್ತ ನೀರು ಕೇಳಲು ಬಂದ. ನೀರು ಕುಡಿದು ನನ್ನ ಅಂಗಳವನ್ನೊಮ್ಮೆ ಅಳೆದು ನೋಡಿ, ಅಮ್ಮಾ, ಇಷ್ಟು ಜಾಗ ಸಿಕ್ಕಿದರೆ ಒಂದೇ ಏಟಿಗೆ ತಿರುಗಿಸಿಬಿಡುತ್ತಿದ್ದೆ ಎಂದ. ಲೋಟ ಕಿತ್ತುಕೊಂಡು ಒಳಗೆ ಬಂದೆ. ಬಾಗಿಲು ಹಾಕಿದ್ದು ಜೋರಾಯಿತು.

ಮಾರ್ಚ್ 4, ಮಂಗಳವಾರ

ಬಸ್ಸು ಒಳಗೆ ಬಂದು ತಿರುಗಲು ಜಾಗ ಮಾಡದಿದ್ದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಶಾಲೆಗಳು ಹೇಳಿವೆಯಂತೆ. ತಪ್ಪೇನಿಲ್ಲ. ಸೀಟಿ ಸಂಜೆ ಬಂದು ಕಲ್ಲಿನ ಪಕ್ಕ ನೆಲದ ಮೇಲೆ ಕೂತಳು. ಕೊರಳಿನ ಸೀಟಿಯನ್ನು ತೆಗೆದು ಕೈಯಲ್ಲಿ ತಿರುಗಿಸುತ್ತಾ ಇದ್ದಳು. ಏನೋ ಇದೆ ಎಂದು ಆಗಲೇ ಗೊತ್ತಾಯಿತು.

“ಅಕ್ಕಾ, ಬೇರೆ ಎಲ್ಲ ಪಟ್ಟೀನೂ ಒಬ್ಬೊಬ್ಬರು ಬೆಳೀತಿದಾರೆ. ಯಾರನ್ನ ಎಬ್ಬಿಸೋದು? ರಸ್ತೆ ಪಕ್ಕ ಸಮತಟ್ಟಾಗಿ ಖಾಲಿ ಇರೋದು ನಾಳೆ ಹೊಲ ಒಂದೇ. ಕಟ್ಟಡ ಅಲ್ವಲ್ಲ, ಬರೀ ಜಲ್ಲಿ ಹಾಸೋದು. ಕರಾರಿಗೂ ತೊಂದ್ರೆ ಇಲ್ಲ.”

ಮತ್ತೆ ಸಿನಿಮಾ ಎಲ್ಲಿ ಎಂದೆ. ಬೇರೆ ಕಡೆ ಮಾಡೋಣ ಎಂದಳು. ಬೇರೆ ಕಡೆಯೆಲ್ಲ ಉತ್ತಿದೆಯಲ್ಲ ಎಂದೆ. ಭಾನುವಾರ ಸದಸ್ಯರ ಸಭೆ, ಅಲ್ಲಿ ತೀರ್ಮಾನ. ಪಾಪ, ಅವಳಿಗೂ ಖುಷಿಯಿಲ್ಲ. ಹೋಗುವಾಗ ಸೀಟಿಯನ್ನು ಕಲ್ಲಿನ ಮೇಲೇ ಮರೆತು ಹೋದಳು.

ನಾನೇ ಮಕ್ಕಳನ್ನು ಕರೆಸಿಕೊಂಡೆ, ಮಕ್ಕಳು ಬಸ್ಸುಗಳನ್ನು ಕರೆತಂದರು, ಬಸ್ಸುಗಳು ಈಗ ನಾಳೆ ಹೊಲವನ್ನೇ ನುಂಗುತ್ತಿವೆ. ಅವತ್ತು ಮೇಷ್ಟ್ರಿಗೆ ಅದು ಬೀಳುಬಿದ್ದ ಜಾಗ ಎಂದಿದ್ದರೆ ಮುಗಿದಿತ್ತು.

ಮಾರ್ಚ್ 6, ಗುರುವಾರ

ಅಣ್ಣನಿಗೆ ಫೋನು ಮಾಡಿದೆ. ಸಭೆಯಲ್ಲಿ ಹೇಳಲು ಏನಾದರೂ ಗಟ್ಟಿ ಕಾರಣ ಬೇಕಿತ್ತು. ಅಪ್ಪ ಆ ಹೊಲವನ್ನು ಯಾಕೆ ಉಳಲಿಲ್ಲ? ಮಣ್ಣಿಗೆ ವಿಶ್ರಾಂತಿ ಕೊಡಲೋ, ಬಾವಿಗೆ ನೀರು ಇಳಿಯಲೋ, ಹಕ್ಕಿಗಳಿಗಾಗಿಯೋ? ನಿನಗೆ ಏನಾದರೂ ಹೇಳಿದ್ದನೇ?

ಅಣ್ಣ ಬಹಳ ಹೊತ್ತು ನಕ್ಕ. ಅಪ್ಪನದೇ ನಗು, ಕೊನೆಯಲ್ಲಿ ಕೆಮ್ಮು ಬರುತ್ತದೆ.

“ಸೋಮಾರಿತನ ಕಣೇ ಪುಟ್ಟಿ, ಇನ್ನೇನು. ಅಷ್ಟು ಹೊಲ ಉತ್ತು ಸಾಕಾಗಿರ್ತಿತ್ತು. ಅಮ್ಮನ ಕಣ್ಣಿಗೆ ಬೀಳದೆ ಕೂತ್ಕೊಳ್ಳೋಕೆ ಒಂದು ಜಾಗ ಬೇಕಿತ್ತು, ಅಷ್ಟೇ.”

ಅಮ್ಮನ ಕಣ್ಣಿಗೆ ಬೀಳದೆ ಇರುತ್ತಿತ್ತೇ? ಈ ಕಲ್ಲಿನಿಂದ ಆ ಮರ ನೇರವಾಗಿ ಕಾಣುತ್ತದೆ. ಅಮ್ಮ ಒಗೆಯುತ್ತ ಒಗೆಯುತ್ತ ತಲೆಯೆತ್ತಿ ಒಮ್ಮೆ ಆ ಕಡೆ ನೋಡುತ್ತಿದ್ದಳು, ಅಷ್ಟೇ. ಕೂಗುತ್ತಿರಲಿಲ್ಲ. ಆ ಒಂದು ಕೂಗು ಮುಗಿದ ಮೇಲೆ ಅವನನ್ನು ಅವನ ಪಾಡಿಗೆ ಬಿಡುತ್ತಿದ್ದಳು. ಇದು ನನಗೆ ಇವತ್ತಿನ ತನಕ ಹೊಳೆದಿರಲಿಲ್ಲ. ಇಬ್ಬರೂ ಒಟ್ಟಿಗೆ ನೆನಪಾದರು. ತಡೆಯಲಾಗಲಿಲ್ಲ, ಅತ್ತೆ.

ನಮ್ಮ ಬಸ್ಸುಗಳಿಗೆ ಜಾಗವಿಲ್ಲ ಅಣ್ಣಾ ಎಂದು ಫೋನಿಡುವ ಮುಂಚೆ ಹೇಳಿದೆ. ಯಾರ ಬಸ್ಸು ಎಂದು ಕೇಳಿದ. ಅವನಿಗೂ ಕಿವಿ ಮಂದವಾಗುತ್ತಿದೆ.

ಮಾರ್ಚ್ 9, ಭಾನುವಾರ

ಅಂಗಳ ಕೊಟ್ಟೆ. ಸೊಂಟ ನೋಯುತ್ತಿದೆ. ಬೇಗ ಮಲಗಬೇಕು.

ಮಾರ್ಚ್ 10, ಸೋಮವಾರ

ನಿನ್ನೆಯದು ಬರೆದಿಡಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಸಭೆ ನಮ್ಮ ಹಳೆಯ ಕೊಟ್ಟಿಗೆಯಲ್ಲಿ. ಈಗ ಅಲ್ಲಿ ಬೆಂಚುಗಳಿವೆ. ಸದಸ್ಯರೆಲ್ಲ ಬಂದಿದ್ದರು. ಬೇಕರಿಯವನು ಅಧ್ಯಕ್ಷ, ಸಮಾಧಾನದ ಮನುಷ್ಯ. ನನ್ನನ್ನೂ ಕರೆದು ಮುಂದೆ ಕೂರಿಸಿದರು. ಎಲ್ಲರೂ ಮಾತಾಡಿದ ಮೇಲೆ ಅವನು ನನ್ನ ಕಡೆ ತಿರುಗಿ, ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾ, ಆ ಹೊಲದಲ್ಲಿ ಏನು ಬೆಳೆಯುತ್ತದೆ ಹೇಳಿ, ಅದನ್ನು ಉಳಿಸೋಣ ಎಂದ.

ಮಣ್ಣು, ನೀರು, ಅಪ್ಪನ ದೂರದೃಷ್ಟಿ ಎಂದೆಲ್ಲ ಹೇಳಲು ಕಟ್ಟಿಟ್ಟುಕೊಂಡು ಹೋಗಿದ್ದೆ. ಬಾಯಿ ತೆರೆದಾಗ ಅಣ್ಣನ ನಗು ಕೇಳಿಸಿತು. ಸುಳ್ಳು ಬರಲಿಲ್ಲ.

“ಏನೂ ಬೆಳೆಯಲ್ಲ. ನಮ್ಮಪ್ಪ ಸೋಮಾರಿ, ಅದಕ್ಕೆ ಉಳಲಿಲ್ಲ. ಆದ್ರೆ ಮಕ್ಕಳು ಅಲ್ಲಿ ಕೂತ್ರೆ ಸುಮ್ಮನಾಗ್ತಾರೆ. ಬೇರೆ ಎಲ್ಲೂ ಆಗಲ್ಲ, ನಾನು ನೋಡಿದೀನಿ. ಜಲ್ಲಿ ಹಾಕಿದ್ಮೇಲೆ ಅದು ವಾಪಸ್ ಬರಲ್ಲ. ಬಸ್ ತಿರುಗೋಕೆ ಜಾಗ ಬೇಕು ತಾನೇ? ನನ್ನ ಅಂಗಳ ತಗೊಳ್ಳಿ.”

ನಾನೇ ಹೇಳಿದೆನೋ, ಪಕ್ಕದಲ್ಲಿ ಕೂತವರು ಯಾರಾದರೂ ಹೇಳಿದರೋ ಎಂದು ಒಂದು ಕ್ಷಣ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅಕ್ಕಾ, ಅದು ನಿಮ್ಮದು. ನಿಮ್ಮನ್ನ ಯಾರೂ ಕೇಳೋ ಹಾಗಿಲ್ಲ,” ಎಂದಳು ಸೀಟಿ.

“ಅದಕ್ಕೇ ಯಾರೂ ಕೇಳಲಿಲ್ಲ. ನಾನಾಗಿ ಹೇಳ್ತಿದೀನಿ.”

ಮನೆಗೆ ಬಂದು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ನಡೆದೆ. ಸಂಕಟವಾಯಿತು, ಆಗಲಿಲ್ಲ ಎಂದು ಬರೆಯಲಾರೆ. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಬೈದು, ಆಮೇಲೆ ಬಸ್ಸು ಬರುವ ಮುಂಚೆ ಒಂದು ಸಲ ಗುಡಿಸಿ ನೀರು ಹಾಕು ಎನ್ನುತ್ತಿದ್ದಳು.

ಮಾರ್ಚ್ 22, ಶನಿವಾರ

ಅಂಗಳದ ಗೋಡೆ ಬಿತ್ತು. ಗೇಟು ಕಿತ್ತರು. ಅದರ ಚಿಲಕ ತೆಗೆಯುವಾಗ ಕಿರ್ ಎಂದು ಒಂದು ಸದ್ದು ಬರುತ್ತಿತ್ತು. ಅಣ್ಣ ಶಾಲೆಯಿಂದ ಬಂದ ಎಂದು ಅದರಿಂದಲೇ ತಿಳಿಯುತ್ತಿತ್ತು. ಕೆಲಸದವನಿಗೆ ಹೇಳಿ ಅದನ್ನು ಇನ್ನೆರಡು ಸಲ ಎಳೆದು ತಳ್ಳಿಸಿದೆ. ಅವನು ಏನೂ ಕೇಳಲಿಲ್ಲ, ಮೂರನೆಯ ಸಲ ತಾನಾಗಿಯೇ ಎಳೆದ.

ಕಲ್ಲನ್ನು ಏನು ಮಾಡುವುದು ಎಂದು ಬಂತು. ನಾಳೆ ಹೊಲಕ್ಕೆ ಹಾಕಿ ಎಂದೆ, ಮರದ ಕೆಳಗೆ. ಬೇಕರಿಯವನು, ಡ್ರೈವರ್, ಇನ್ನೂ ನಾಲ್ಕೈದು ಜನ ಸೇರಿ ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಹೋದರು. ಸೀಟಿ ಮುಂದೆ ಮುಂದೆ ಊದುತ್ತ ನಡೆದಳು, ಮೆರವಣಿಗೆಯ ಹಾಗೆ. ಡ್ರೈವರಿಗೆ ನೀರು ಕೊಟ್ಟೆ. ಲೋಟ ಅವನ ಕೈಯಲ್ಲೇ ಬಿಟ್ಟೆ.

ಅಮ್ಮ ಒಗೆಯುತ್ತಿದ್ದ ನುಣ್ಣಗಿನ ತುದಿ ಮರದ ಕಡೆಗೆ ಬಂದಿದೆ. ಇರಲಿ. ಇಷ್ಟು ವರ್ಷ ದೂರದಿಂದ ನೋಡಿದ್ದಾಯಿತು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಮೂರು ಬಸ್ಸು. ಕುಂಟೆಬಿಲ್ಲೆ ಆಡುತ್ತಿದ್ದ ಜಾಗದಲ್ಲಿ ನಿಂತು ಬಾ, ಬಾ, ಇನ್ನೂ ಬಾ, ಸಾಕು ಎಂದು ಕೈಬೀಸುತ್ತೇನೆ. ಡ್ರೈವರ್ ಹೇಳಿದ್ದು ನಿಜ, ಒಂದೇ ಏಟಿಗೆ ತಿರುಗುತ್ತದೆ. ನಮ್ಮ ಸೀಟಿ ತನ್ನ ಹಳೆಯ ಸೀಟಿಯನ್ನು ನನಗೇ ಕೊಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಅವಳನ್ನು ಕರೆಯಲು ಊದಿದೆ.

ಹಕ್ಕಿಮರಿಗಳು ಹಾರಿಹೋಗಿವೆ. ಹಗ್ಗ ಬಿಚ್ಚಿ ತರಬೇಕು ಎಂದುಕೊಂಡೆ, ತಂದು ಕಟ್ಟುವುದೆಲ್ಲಿ ಎಂದು ಬಿಟ್ಟೆ.

ಸಿನಿಮಾ ಮುಗಿದ ಮೇಲೆ ಒಂದು ಪುಟ್ಟ ಹುಡುಗಿ ಕಲ್ಲಿನ ಮೇಲೆ ಬೂಟುಗಾಲಿಟ್ಟು ಲೇಸು ಕಟ್ಟಿಕೊಳ್ಳಲು ಒದ್ದಾಡುತ್ತಿದ್ದಳು. ಕಲ್ಲಿನ ಮೇಲೇ ಕೂತು, ಹಾಗಲ್ಲ, ಹೀಗೆ ಎಂದು ಕಟ್ಟಿಕೊಟ್ಟೆ. ಅವಳು ಅರ್ಧ ಎಲೆಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಸುತ್ತ ಒಮ್ಮೆ ನೋಡಿ, ಎಲ್ಲ ಕಡೆ ಉತ್ತಿದ್ದೀರಿ, ಇದನ್ನು ಮಾತ್ರ ಯಾವಾಗ ಉಳುತ್ತೀರಿ ಎಂದು ಕೇಳಿದಳು.

ಎದ್ದು ಹೋಗಬೇಕಿತ್ತು, ಮುಂದಿನ ಬಸ್ಸು ಬರುವ ಹೊತ್ತು. ಕಲ್ಲು ಬೆಚ್ಚಗಿತ್ತು. ಮರಕ್ಕೆ ಒರಗಿ ಕಾಲು ಚಾಚಿದೆ.

“ನಾಳೆ,” ಎಂದೆ.